ನೀಲಿ ತುಂಬಿದರೂ ಸರ್ವೆ ನಂಬರ್ ಕಾಣಬೇಕು: ಆಟೋಕ್ಯಾಡ್ ಪ್ಲಾಟ್‌ನಲ್ಲಿ ಆರಪಾರ ಕಾಣುವ ಫಿಲ್

ಬಾಗಲಕೋಟೆ ಕಡೆ ಡ್ರಾಯಿಂಗ್ ಕೆಲಸ ಮಾಡುವವರ ಕೈಗೆ ಒಂದಲ್ಲ ಒಂದು ದಿನ ಮುಳುಗಡೆ ನಕ್ಷೆ ಬಂದೇ ಬರುತ್ತದೆ. ಆಲಮಟ್ಟಿ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಸರ್ವೆ ನಂಬರಿನ ಎಷ್ಟು ಭಾಗ ನೀರಿಗೆ ಹೋಗುತ್ತದೆ ಎಂದು ತೋರಿಸುವ ನಕ್ಷೆ. ಗ್ರಾಮ ನಕ್ಷೆಯ ಮೇಲೆ ನೀಲಿ ತುಂಬುತ್ತೇವೆ. ಹೀಗೆ ತುಂಬಿದ ಬಣ್ಣವೇ ಫಿಲ್. ಸ್ಕ್ರೀನಿನಲ್ಲಿ ಆ ನೀಲಿಯ ಕೆಳಗೆ ಹೊಲದ ಗಡಿ, ಸರ್ವೆ ನಂಬರ್, ಹಳ್ಳ, ಬಂಡಿದಾರಿ ಎಲ್ಲವೂ ಕಾಣುತ್ತದೆ. ಪ್ಲಾಟರ್‌ನಿಂದ, ಅಂದರೆ ದೊಡ್ಡ ನಕ್ಷೆ ಮುದ್ರಿಸುವ ಯಂತ್ರದಿಂದ, ಹೊರಬಂದ ಹಾಳೆಯಲ್ಲಿ ಮಾತ್ರ ಗಟ್ಟಿ ನೀಲಿ. ಕೆಳಗಿನದೆಲ್ಲ ಮುಚ್ಚಿಹೋಗಿರುತ್ತದೆ.

ಆ ಹಾಳೆಯ ಮುಂದೆ ನಿಲ್ಲುವವರು ಬಣ್ಣ ನೋಡಲು ಬಂದವರಲ್ಲ. ತಮ್ಮ ಹೊಲದ ನಂಬರ್ ಹುಡುಕಲು ಬಂದವರು. ನಂಬರ್ ಕಾಣದಿದ್ದರೆ ಆ ನಕ್ಷೆ ಅವರಿಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಈ ಸಣ್ಣ ವಿಷಯವನ್ನು ಸರಿಯಾಗಿ ಕಲಿಯಬೇಕು ಅನ್ನುತ್ತೇನೆ.

ಇಲ್ಲಿ ಆಟೋಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್, ಇಟ್ಟುಕೊಂಡು ಹೇಳುತ್ತೇನೆ. 2011ರ ಆವೃತ್ತಿಯಿಂದ ಅದರಲ್ಲಿ ಲೇಯರ್‌ಗೂ (ಡ್ರಾಯಿಂಗ್‌ನ ಒಂದೊಂದು ಪದರಕ್ಕೂ) ಒಂದೊಂದು ಆಬ್ಜೆಕ್ಟ್‌ಗೂ ಟ್ರಾನ್ಸ್‌ಪರೆನ್ಸಿ, ಅಂದರೆ ಆರಪಾರ ಕಾಣುವ ಗುಣ, ಕೊಡಬಹುದು. ಅದಕ್ಕಿಂತ ಹಳೆಯ ಆವೃತ್ತಿ ಇದ್ದವರಿಗೂ ಕೆಳಗೆ ದಾರಿ ಇದೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ.

ಮೊದಲು ಕೇಳಿಕೊಳ್ಳಿ: ಟ್ರಾನ್ಸ್‌ಪರೆನ್ಸಿ ನಿಜವಾಗಿ ಬೇಕೇ?

ಹೆಚ್ಚಿನವರು ನೇರವಾಗಿ ಟ್ರಾನ್ಸ್‌ಪರೆನ್ಸಿಗೆ ಕೈಹಾಕುತ್ತಾರೆ. ನನ್ನ ಮಾತು ಕೇಳುವುದಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ತೆರಬೇಕಾದ ಬೆಲೆ ಇದೆ, ಆಮೇಲೆ ಹೇಳುತ್ತೇನೆ. ಎಷ್ಟೋ ಸಲ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಬದಲಿಸಿದರೆ ಸಾಕಾಗುತ್ತದೆ.

ನಿಮ್ಮ ನಕ್ಷೆಯ ಗಡಿ, ನಂಬರ್ ಎಲ್ಲವೂ ಆಟೋಕ್ಯಾಡ್‌ನಲ್ಲೇ ಎಳೆದ ಗೆರೆ, ಬರೆದ ಅಕ್ಷರ ಅಂತ ಇಟ್ಟುಕೊಳ್ಳಿ. ಆಗ ಫಿಲ್ ಅನ್ನು ಎಲ್ಲದರ ಕೆಳಗೆ ಕಳಿಸಿಬಿಡಿ. ಕಮಾಂಡ್ ಲೈನ್‌ನಲ್ಲಿ ‘ಹ್ಯಾಚ್‌ಟುಬ್ಯಾಕ್’ ಎಂದು ಕೊಟ್ಟರೆ ಡ್ರಾಯಿಂಗ್‌ನಲ್ಲಿರುವ ಹ್ಯಾಚ್‌ಗಳೆಲ್ಲ (ಬಣ್ಣ ಅಥವಾ ಗೆರೆ ತುಂಬಿದ ಭಾಗಗಳೆಲ್ಲ) ಒಂದೇ ಏಟಿಗೆ ಹಿಂದಕ್ಕೆ ಹೋಗುತ್ತವೆ. ಅಕ್ಷರ, ಅಳತೆಗಳನ್ನು ಮುಂದಕ್ಕೆ ತರಲು ‘ಟೆಕ್ಸ್ಟ್‌ಟುಫ್ರಂಟ್’. ಒಂದೇ ಒಂದು ಫಿಲ್ ಸರಿಸಬೇಕೆಂದರೆ ‘ಡ್ರಾಆರ್ಡರ್’. ಫಿಲ್‌ಗೆ ತಿಳಿ ಬಣ್ಣ ಕೊಡಿ. ಗೆರೆ ಕಪ್ಪಗಿರಲಿ. ಈಗ ಪ್ಲಾಟ್ ಮಾಡಿದರೆ ತಿಳಿ ನೀಲಿಯ ಮೇಲೆ ಕಪ್ಪು ಗಡಿ, ಕಪ್ಪು ನಂಬರ್ ಚೊಕ್ಕವಾಗಿ ಬರುತ್ತದೆ. ಟ್ರಾನ್ಸ್‌ಪರೆನ್ಸಿಯ ಸುದ್ದಿಯೇ ಇಲ್ಲ.

ಇದು ಕೆಲಸ ಮಾಡದ ಜಾಗಗಳು ಮೂರು.

ಒಂದು, ನಕ್ಷೆ ಎಕ್ಸ್‌ರೆಫ್ ಆಗಿ, ಅಂದರೆ ಹೊರಗಿನಿಂದ ಜೋಡಿಸಿದ ಬೇರೆ ಡ್ರಾಯಿಂಗ್ ಫೈಲ್ ಆಗಿ, ಬಂದಿದ್ದು, ಅದರೊಳಗೂ ಬೇರೆ ಫಿಲ್‌ಗಳು ಇದ್ದರೆ. ಎಕ್ಸ್‌ರೆಫ್ ಪೂರ್ತಿ ಒಂದೇ ಆಬ್ಜೆಕ್ಟ್. ಅದರೊಳಗಿನ ಒಂದು ಹ್ಯಾಚ್ ಮಾತ್ರ ಹಿಡಿದು ನಿಮ್ಮ ಫಿಲ್‌ನ ಹಿಂದೆ ಕಳಿಸಲು ಬರುವುದಿಲ್ಲ. ಮೂಲ ಫೈಲ್ ತೆರೆದು ಅಲ್ಲೇ ಸರಿಪಡಿಸಬೇಕು.

ಎರಡು, ಎರಡು ಫಿಲ್ ಒಂದರ ಮೇಲೊಂದು ಬಂದು, ಎರಡೂ ಕಾಣಬೇಕಾದಾಗ.

ಮೂರು, ಕೆಳಗಿರುವುದು ಗೆರೆಯಲ್ಲ, ಇಮೇಜ್ ಆಗಿದ್ದಾಗ. ಸ್ಕ್ಯಾನ್ ಮಾಡಿದ ಹಳೆಯ ಗ್ರಾಮ ನಕ್ಷೆ ಇರಬಹುದು, ಉಪಗ್ರಹದ ಚಿತ್ರ ಇರಬಹುದು. ಫಿಲ್ ಮುಂದೆ ಇದ್ದರೆ ಇಮೇಜ್ ಮುಚ್ಚುತ್ತದೆ. ಹಿಂದೆ ಕಳಿಸಿದರೆ ಇಮೇಜ್ ಫಿಲ್ ಅನ್ನು ಮುಚ್ಚುತ್ತದೆ.

ಈ ಮೂರನೆಯದಕ್ಕೆ ಒಂದು ಒಳದಾರಿ ಇದೆ. ಅದು ಗೊತ್ತಿರುವವರು ಕಡಿಮೆ. ಗ್ರಾಮ ನಕ್ಷೆಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸದೆ ಬರೀ ಕಪ್ಪು-ಬಿಳುಪು ಟಿಫ್ ಇಮೇಜ್ ಫೈಲ್ ಆಗಿ ಮಾಡಿಸಿ. ಬೂದು ಛಾಯೆಯೂ ಬೇಡ. ಒಂದೋ ಕಪ್ಪು, ಇಲ್ಲವೇ ಬಿಳಿ. ಅದನ್ನು ಆಟೋಕ್ಯಾಡ್‌ಗೆ ಅಟ್ಯಾಚ್ ಮಾಡಿ, ‘ಟ್ರಾನ್ಸ್‌ಪರೆನ್ಸಿ’ ಕಮಾಂಡ್ ಕೊಟ್ಟು, ಇಮೇಜ್ ಆರಿಸಿ, ಆನ್ ಮಾಡಿ. ಹಾಳೆಯ ಬಿಳಿ ಭಾಗ ಮಾಯವಾಗಿ ಗೆರೆಗಳಷ್ಟೇ ಉಳಿಯುತ್ತವೆ. ಈಗ ಫಿಲ್ ಅನ್ನು ಇಮೇಜ್‌ನ ಹಿಂದೆ ಕಳಿಸಿ. ಕೆಲಸ ಮುಗಿಯಿತು. ಈ ಕಮಾಂಡ್ ಇಮೇಜ್‌ಗೆ ಮಾತ್ರ. ಹ್ಯಾಚ್‌ನ ಟ್ರಾನ್ಸ್‌ಪರೆನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ಒಂದೇ ಅಂತ ಗೊಂದಲ ಮಾಡಿಕೊಳ್ಳಬೇಡಿ.

ಉಪಗ್ರಹದ ಬಣ್ಣದ ಚಿತ್ರಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ನಿಜವಾದ ಟ್ರಾನ್ಸ್‌ಪರೆನ್ಸಿಯೇ ಬೇಕು.

ಸ್ಕ್ರೀನಿಂಗ್ ಬೇರೆ, ಟ್ರಾನ್ಸ್‌ಪರೆನ್ಸಿ ಬೇರೆ

ಯಾವ ಬಣ್ಣ ಹಾಳೆಯಲ್ಲಿ ಹೇಗೆ ಬರಬೇಕು ಎಂದು ಹೇಳುವ ಪ್ಲಾಟ್ ಸ್ಟೈಲ್ ಫೈಲ್‌ನಲ್ಲಿ, ಅಂದರೆ ಸಿಟಿಬಿ ಫೈಲ್‌ನಲ್ಲಿ, ‘ಸ್ಕ್ರೀನಿಂಗ್’ ಅಂತ ಒಂದು ಕಾಲಂ ಇದೆ. 100 ಇದ್ದರೆ ಪೂರ್ತಿ ಬಣ್ಣ, 0 ಇದ್ದರೆ ಬಿಳಿ. ಇದನ್ನು 30ಕ್ಕೆ ಇಳಿಸಿ, ಕೆಳಗಿನ ಗೆರೆ ಕಾಣುತ್ತದೆ ಎಂದು ಕಾಯುವವರು ಬಹಳ ಜನ. ಕಾಣುವುದಿಲ್ಲ. ಗೋಡೆಗೆ ತಿಳಿ ಬಣ್ಣ ಬಳಿದರೂ ಹಿಂದಿನ ಬರಹ ಮುಚ್ಚಿಯೇ ಹೋಗುತ್ತದಲ್ವಾ, ಹಾಗೆ. ಸ್ಕ್ರೀನಿಂಗ್ ಇಂಕ್ ಕಡಿಮೆ ಮಾಡುತ್ತದೆ, ಆರಪಾರ ಕಾಣುವಂತೆ ಮಾಡುವುದಿಲ್ಲ.

ಹಾಗಂತ ಸ್ಕ್ರೀನಿಂಗ್ ಕೆಲಸಕ್ಕೆ ಬಾರದ್ದಲ್ಲ. ಫಿಲ್ ಹಿಂದಕ್ಕೆ ಹೋಗಿದ್ದು, ಬಣ್ಣ ಸ್ವಲ್ಪ ಗಾಢ ಅನಿಸಿದರೆ ಅದನ್ನು ತಿಳಿ ಮಾಡಲು ಇದೇ ಸರಿಯಾದ ಸಾಧನ. ಡ್ರಾಆರ್ಡರ್ ಮತ್ತು ಸ್ಕ್ರೀನಿಂಗ್ ಜೋಡಿಯೇ ನಮ್ಮ ಹೆಚ್ಚಿನ ಬಡಾವಣೆ ಡ್ರಾಯಿಂಗ್‌ಗಳಿಗೆ ಸಾಕು. ಬಡಾವಣೆ ನಕ್ಷೆಯಲ್ಲಿ ಪಾರ್ಕ್, ರಸ್ತೆ, ಸಿಎ (ನಾಗರಿಕ ಸೌಲಭ್ಯದ) ಸೈಟ್ ಬೇರೆ ಬೇರೆ ಬಣ್ಣದಲ್ಲಿ ತೋರಿಸುವಾಗ ಸುಮ್ನೆ ಟ್ರಾನ್ಸ್‌ಪರೆನ್ಸಿ ಹಚ್ಚಿ ಫೈಲ್ ಭಾರ ಮಾಡಬೇಡಿ.

ಟ್ರಾನ್ಸ್‌ಪರೆನ್ಸಿ ಕೊಡುವ ಕ್ರಮ

ಈಗ ನಿಜವಾಗಿ ಬೇಕಾದ ಕೆಲಸಕ್ಕೆ ಬರೋಣ. ಉದಾಹರಣೆಗೆ ಅದೇ ಹಿನ್ನೀರಿನ ನಕ್ಷೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಅವಕಾಶ ಕೊಟ್ಟಿತು. ವ್ಯತ್ಯಾಸ 4.656 ಮೀಟರ್. ಉಪಗ್ರಹ ಚಿತ್ರದ ಮೇಲೆ ಈ ಎರಡೂ ಮಟ್ಟವನ್ನು ಎರಡು ಬಣ್ಣದಲ್ಲಿ ತೋರಿಸಬೇಕು ಎಂದುಕೊಳ್ಳಿ.

1. ಫಿಲ್‌ಗಳಿಗೆ ಪ್ರತ್ಯೇಕ ಲೇಯರ್ ಮಾಡಿ. 519 ಮಟ್ಟಕ್ಕೆ ಒಂದು, 524 ಮಟ್ಟಕ್ಕೆ ಇನ್ನೊಂದು. ಗೆರೆ, ಅಕ್ಷರ ಯಾವುದೂ ಈ ಲೇಯರ್‌ಗಳಲ್ಲಿ ಇರಬಾರದು. ಇದ್ದರೆ ಅವೂ ಮಸುಕಾಗುತ್ತವೆ.

2. ‘ಲೇಯರ್’ ಕಮಾಂಡ್ ಕೊಟ್ಟು ಲೇಯರ್ ಪಟ್ಟಿ ತೆರೆಯಿರಿ. ಬಲಗಡೆ ಟ್ರಾನ್ಸ್‌ಪರೆನ್ಸಿ ಕಾಲಂ ಇರುತ್ತದೆ. ಅಲ್ಲಿ 0ಯಿಂದ 90ರವರೆಗೆ ಅಂಕಿ ಕೊಡಬಹುದು. 0 ಅಂದರೆ ಗಟ್ಟಿ, 90 ಅಂದರೆ ಕಂಡೂ ಕಾಣದಷ್ಟು ತೆಳು. ಉಪಗ್ರಹ ಚಿತ್ರದ ಮೇಲೆ 60, ಬರೀ ಗೆರೆಯ ನಕ್ಷೆಯ ಮೇಲೆ 70 ಇಟ್ಟು ಶುರು ಮಾಡಿ.

3. ಹ್ಯಾಚ್ ಆರಿಸಿ ಪ್ರಾಪರ್ಟೀಸ್ ಪ್ಯಾಲೆಟ್ ನೋಡಿ. ಅಲ್ಲಿ ಟ್ರಾನ್ಸ್‌ಪರೆನ್ಸಿ ‘ಬೈಲೇಯರ್’ (ಲೇಯರ್ ಹೇಳಿದಂತೆ) ಎಂದು ಇರಬೇಕು. ಹ್ಯಾಚ್ ಮಾಡುವಾಗ ರಿಬ್ಬನ್‌ನಲ್ಲಿ ಯಾವುದೋ ಅಂಕಿ ಕೊಟ್ಟಿದ್ದರೆ ಅದು ಆ ಹ್ಯಾಚ್‌ಗೇ ಅಂಟಿಕೊಂಡಿರುತ್ತದೆ. ಆಮೇಲೆ ಲೇಯರ್‌ನಲ್ಲಿ ಎಷ್ಟು ಬದಲಿಸಿದರೂ ಅದು ಅಲ್ಲಾಡುವುದಿಲ್ಲ.

4. ಸ್ಕ್ರೀನ್ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಬಟನ್ ಆನ್ ಮಾಡಿ. ಬಟನ್ ಕಾಣದಿದ್ದರೆ ಬಲ ತುದಿಯ ಮೂರು ಗೆರೆಯ ಮೆನುವಿನಿಂದ ಅದನ್ನು ಹೊರತನ್ನಿ. ಇಲ್ಲವೇ ‘ಟ್ರಾನ್ಸ್‌ಪರೆನ್ಸಿಡಿಸ್‌ಪ್ಲೇ’ ಎಂದು ಕೊಟ್ಟು 1 ಮಾಡಿ. ಇದು ಸ್ಕ್ರೀನಿಗೆ ಮಾತ್ರ. ಪ್ಲಾಟ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮುಕ್ಕಾಲುಪಾಲು ಗೋಳು ಹುಟ್ಟುವುದು ಇಲ್ಲೇ. ಸ್ಕ್ರೀನಿನಲ್ಲಿ ಸರಿಯಾಗಿದೆ ಎಂದು ನಂಬಿ ಪ್ಲಾಟ್‌ಗೆ ಹೋಗಿಬಿಡುತ್ತೇವೆ.

5. ಪ್ಲಾಟ್ ಡೈಲಾಗ್ ತೆರೆಯಿರಿ. ಕೆಳಗೆ ಬಲ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದೆ, ಒತ್ತಿ. ಡೈಲಾಗ್ ಅಗಲವಾಗಿ ಪ್ಲಾಟ್ ಆಪ್ಷನ್ಸ್ ಕಾಣಿಸುತ್ತದೆ. ಅದರಲ್ಲಿ ‘ಪ್ಲಾಟ್ ಟ್ರಾನ್ಸ್‌ಪರೆನ್ಸಿ’ ಎಂಬ ಚೌಕಕ್ಕೆ ಟಿಕ್ ಹಾಕಿ. ಇಡೀ ಲೇಖನದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಈ ಟಿಕ್ ತಾನಾಗಿ ಇರುವುದಿಲ್ಲ. ಪ್ಲಾಟ್ ನಿಧಾನವಾಗುತ್ತದೆ ಎಂಬ ಕಾರಣಕ್ಕೆ ಆಟೋಡೆಸ್ಕ್‌ನವರು ಬೇಕಂತಲೇ ಅದನ್ನು ಖಾಲಿ ಬಿಟ್ಟಿದ್ದಾರೆ.

6. ಪ್ರಿವ್ಯೂ ಒತ್ತಿ ನೋಡಿ. ಪ್ರಿವ್ಯೂನಲ್ಲಿ ಕೆಳಗಿನ ಚಿತ್ರ ಕಂಡರೆ ‘ಅಪ್ಲೈ ಟು ಲೇಔಟ್’ ಒತ್ತಿ. ಇಲ್ಲಿ ಲೇಔಟ್ ಅಂದರೆ ಪ್ಲಾಟ್‌ಗೆ ಜೋಡಿಸಿಟ್ಟ ಒಂದು ಹಾಳೆ. ಆಗ ಟಿಕ್ ಆ ಲೇಔಟ್‌ನ ಪೇಜ್ ಸೆಟಪ್‌ನಲ್ಲಿ (ಹಾಳೆಯ ಸೆಟ್ಟಿಂಗ್‌ನಲ್ಲಿ) ಉಳಿಯುತ್ತದೆ. ಮುಂದಿನ ಸಲ ಮತ್ತೆ ಹಾಕಬೇಕಿಲ್ಲ.

ಹಾಳೆಗಳು ಬಹಳ ಇದ್ದು ‘ಪಬ್ಲಿಷ್’ ಮೂಲಕ ಒಟ್ಟಿಗೆ ಕಳಿಸುವವರು ಪ್ರತಿ ಲೇಔಟ್‌ನ ಪೇಜ್ ಸೆಟಪ್‌ನಲ್ಲೂ ಆ ಟಿಕ್ ಇದೆಯೇ ಎಂದು ನೋಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ‘ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್’ ಎಂದು ಕೊಡಿ. 0 ಇಟ್ಟರೆ ಎಂದೂ ಟ್ರಾನ್ಸ್‌ಪರೆನ್ಸಿ ಪ್ಲಾಟ್ ಆಗುವುದಿಲ್ಲ. 1 ಇಟ್ಟರೆ ಪೇಜ್ ಸೆಟಪ್ ಹೇಳಿದಂತೆ. 2 ಇಟ್ಟರೆ ಯಾವಾಗಲೂ ಆಗುತ್ತದೆ. ಮಾಮೂಲಿಯಾಗಿ 1 ಇರುತ್ತದೆ. ಟಿಕ್ ಹಾಕಿದರೂ ಫಿಲ್ ಗಟ್ಟಿಯಾಗಿಯೇ ಬರುತ್ತಿದ್ದರೆ ಮೊದಲು ಇಲ್ಲಿ 0 ಇದೆಯೇ ನೋಡಿ. ಕೆಲಸ ಮುಗಿದ ಮೇಲೆ 2ರಿಂದ 1ಕ್ಕೆ ತಂದುಬಿಡಿ. ಇಲ್ಲದಿದ್ದರೆ ಬೇಡದ ಹಾಳೆಗಳೂ ನಿಧಾನವಾಗುತ್ತವೆ.

ಒಂದೇ ಡ್ರಾಯಿಂಗ್ ಅನ್ನು ಹಾಳೆಯ ಮೇಲೆ ಎರಡು ವ್ಯೂಪೋರ್ಟ್‌ನಲ್ಲಿ (ಕಿಟಕಿಯಲ್ಲಿ) ತೋರಿಸುವಾಗ ಒಂದರಲ್ಲಿ ಫಿಲ್ ತೆಳು, ಇನ್ನೊಂದರಲ್ಲಿ ಗಾಢ ಬೇಕಾಗಬಹುದು. ಅದಕ್ಕೂ ದಾರಿ ಇದೆ. ವ್ಯೂಪೋರ್ಟ್ ಒಳಗೆ ಹೋಗಿ ಲೇಯರ್ ಪಟ್ಟಿ ತೆರೆದರೆ ‘ವಿಪಿ ಟ್ರಾನ್ಸ್‌ಪರೆನ್ಸಿ’ ಕಾಲಂ ಇರುತ್ತದೆ. ಅಲ್ಲಿ ಕೊಟ್ಟದ್ದು ಆ ವ್ಯೂಪೋರ್ಟ್‌ಗೆ ಮಾತ್ರ.

ಒಂದರ ಮೇಲೊಂದು ಬಂದರೆ ಬಣ್ಣ ಎಷ್ಟಾಗುತ್ತದೆ

ಇದು ಸ್ವಲ್ಪ ಕುಳಿತು ಯೋಚಿಸಬೇಕಾದ ಭಾಗ. 524 ಮಟ್ಟದ ನೀರು ನಿಂತಾಗ 519 ಮಟ್ಟದ ಜಾಗವೂ ಅದರೊಳಗೇ ಇರುತ್ತದೆ. ಎರಡೂ ಫಿಲ್ ಪೂರ್ತಿಯಾಗಿ ಹಾಕಿದರೆ ನದಿಯ ಹತ್ತಿರದ ಜಾಗದಲ್ಲಿ ಎರಡು ಪದರ ಕೂಡುತ್ತವೆ. ಎರಡೂ 70 ಟ್ರಾನ್ಸ್‌ಪರೆನ್ಸಿ ಎಂದುಕೊಳ್ಳಿ. ಒಂದೊಂದು ಪದರ ಕೆಳಗಿನದರ 70 ಭಾಗ ಬಿಡುತ್ತದೆ. ಎರಡು ಪದರ ದಾಟಿದ ಮೇಲೆ ಉಳಿಯುವುದು 0.7 × 0.7, ಅಂದರೆ 49 ಭಾಗ. ಮೂರನೆಯದು ಸೇರಿದರೆ 34. ಕೆಳಗಿನ ಚಿತ್ರದ ಮೂರನೇ ಎರಡು ಭಾಗ ಹೋಗಿಬಿಟ್ಟಿತು. 50 ಇಟ್ಟಿದ್ದರೆ ಎರಡೇ ಪದರಕ್ಕೆ 25 ಉಳಿಯುತ್ತದೆ. ಅಷ್ಟರಲ್ಲಿ ಸರ್ವೆ ನಂಬರ್ ಓದುವುದು ಕಷ್ಟ.

ಹಿನ್ನೀರಿನ ನಕ್ಷೆಗೆ ನಾನು ಹೇಳುವುದು ಇದು: 524ರ ಫಿಲ್ ಅನ್ನು ಉಂಗುರದ ಹಾಗೆ, ಹೆಚ್ಚುವರಿ ಜಾಗಕ್ಕೆ ಮಾತ್ರ ತುಂಬಿ. ಹ್ಯಾಚ್ ಮಾಡುವಾಗ ಎರಡು ಮಟ್ಟದ ಗೆರೆಗಳ ನಡುವೆ ಕ್ಲಿಕ್ ಮಾಡಿದರೆ ಆಯಿತು. ಆಗ ಎಲ್ಲಿಯೂ ಎರಡು ಪದರ ಇಲ್ಲ. ಲೆಜೆಂಡ್‌ನಲ್ಲಿ (ಯಾವ ಬಣ್ಣ ಏನು ಎಂದು ಹೇಳುವ ಸೂಚಿಯಲ್ಲಿ) ತೋರಿಸಿದ ಬಣ್ಣವೇ ನಕ್ಷೆಯಲ್ಲೂ ಬರುತ್ತದೆ. ಅಂದಹಾಗೆ, ಲೆಜೆಂಡ್‌ನ ಚೌಕಗಳೂ ಅದೇ ಲೇಯರ್‌ನಲ್ಲಿ ಇರಲಿ. ನಕ್ಷೆಯಲ್ಲಿ ತೆಳು ನೀಲಿ, ಲೆಜೆಂಡ್‌ನಲ್ಲಿ ಗಟ್ಟಿ ನೀಲಿ ಇದ್ದರೆ ಓದುವವರು ಹೊಂದಿಸಿಕೊಳ್ಳುವುದು ಹೇಗೆ?

ಪದರ ಕೂಡುವುದೇ ಬೇಕಾದ ಡ್ರಾಯಿಂಗ್‌ಗಳೂ ಇವೆ. ವಿಜಯಪುರದ ಗೋಳಗುಮ್ಮಟವನ್ನು ಅಳೆದು ಬರೆಯುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬೇಕು. ಗುಮ್ಮಟದ ಕೆಳಗೆ ಒಂದನ್ನೊಂದು ಕತ್ತರಿಸುವ ಕಮಾನುಗಳಿವೆ. ಅವನ್ನು ಪ್ಲಾನ್‌ನಲ್ಲಿ ಬರೆದರೆ ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟಂತೆ ಬರುತ್ತದೆ. ಎರಡೂ ಚೌಕಕ್ಕೆ 50 ಟ್ರಾನ್ಸ್‌ಪರೆನ್ಸಿಯ ಒಂದೇ ಬಣ್ಣ ತುಂಬಿ. ನಡುವೆ ಎಂಟು ಮೂಲೆಯ ಆಕಾರ ತಾನಾಗಿ ಗಾಢವಾಗಿ ಎದ್ದು ಕಾಣುತ್ತದೆ. ಚೌಕದ ಕಟ್ಟಡದ ಮೇಲೆ ದುಂಡು ಗುಮ್ಮಟ ಹೇಗೆ ಕುಳಿತಿದೆ ಎನ್ನುವುದನ್ನು ಆ ಒಂದು ಚಿತ್ರ ಹೇಳಿಬಿಡುತ್ತದೆ.

ಬೆಲೆ ಎಂದೆನಲ್ಲ, ಅದು ಇದು

ಟ್ರಾನ್ಸ್‌ಪರೆನ್ಸಿ ಟಿಕ್ ಹಾಕಿದಾಗ ಗೆರೆಗಳು ಸಾಮಾನ್ಯವಾಗಿ ಗೆರೆಗಳಾಗಿ ಉಳಿಯುವುದಿಲ್ಲ. ಹಾಳೆ ಸಣ್ಣ ಸಣ್ಣ ಚುಕ್ಕಿಗಳ ಚಿತ್ರವಾಗಿ ಪ್ಲಾಟರ್‌ಗೆ ಅಥವಾ ಪಿಡಿಎಫ್‌ಗೆ ಹೋಗುತ್ತದೆ. ನಿಮ್ಮದು ಹಾಗಾಗಿದೆಯೇ ಎಂದು ನೋಡುವುದು ಸುಲಭ. ಪಿಡಿಎಫ್ ತೆರೆದು ಒಂದು ಮೂಲೆಯನ್ನು ತುಂಬಾ ದೊಡ್ಡದು ಮಾಡಿ. ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಚಿತ್ರ.

ಚಿತ್ರವಾದರೆ ತೊಂದರೆ ಏನು? ಒಂದು, ಫೈಲ್ ಊದಿಕೊಳ್ಳುತ್ತದೆ. ಎ1 ಹಾಳೆ 594 × 841 ಮಿಲಿಮೀಟರ್. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸುಮಾರು 7 ಕೋಟಿ ಚುಕ್ಕಿ. 600 ಡಿಪಿಐಗೆ ಹತ್ತಿರಹತ್ತಿರ 28 ಕೋಟಿ. ಡಿಪಿಐ ದುಪ್ಪಟ್ಟಾದರೆ ಚುಕ್ಕಿ ನಾಲ್ಕು ಪಟ್ಟು. ಹಳೆಯ ಕಂಪ್ಯೂಟರ್ ಅರ್ಧಕ್ಕೇ ನಿಂತರೆ ಅಚ್ಚರಿಯಿಲ್ಲ.

ಇನ್ನೊಂದು ನಮಗೆ, ಕನ್ನಡದಲ್ಲಿ ನಕ್ಷೆ ಬರೆಯುವವರಿಗೆ, ಜಾಸ್ತಿ ತಾಗುವ ವಿಷಯ. ಒತ್ತಕ್ಷರ. ಊರಿನ ಹೆಸರನ್ನು ನುಡಿ ಅಥವಾ ತುಂಗಾ ಫಾಂಟ್‌ನಲ್ಲಿ 2.5 ಮಿಲಿಮೀಟರ್ ಎತ್ತರಕ್ಕೆ ಬರೆದಿದ್ದೀರಿ ಎಂದುಕೊಳ್ಳಿ. 150 ಡಿಪಿಐ ಆದರೆ ಆ ಎತ್ತರಕ್ಕೆ ಸಿಗುವುದು 15 ಚುಕ್ಕಿ. ಅದರಲ್ಲಿ ಒತ್ತಕ್ಷರಕ್ಕೆ ಏನು ಉಳಿಯಿತು? ಗೋಜಲು. ಇಂಗ್ಲಿಷ್ ದೊಡ್ಡ ಅಕ್ಷರವಾದರೆ ಅಷ್ಟರಲ್ಲೂ ಹೇಗೋ ಓದಬಹುದು. ‘ಸಿದ್ದಾಪುರ’ದ ದಾವತ್ತು ಓದಲು ಬರುವುದಿಲ್ಲ. 400 ಡಿಪಿಐಗೆ 39 ಚುಕ್ಕಿ ಸಿಗುತ್ತದೆ. ಕನ್ನಡ ಅಕ್ಷರ ಇರುವ ಹಾಳೆಯನ್ನು 400ಕ್ಕಿಂತ ಕೆಳಗೆ ಇಳಿಸಬೇಡಿ, ಅಕ್ಷರವನ್ನು 3 ಮಿಲಿಮೀಟರ್‌ಗಿಂತ ಸಣ್ಣದು ಮಾಡಬೇಡಿ ಎನ್ನುವುದು ನನ್ನ ಸಲಹೆ. ಪ್ರಿಂಟರ್ ಪಟ್ಟಿಯಲ್ಲಿ ‘ಡಿಡಬ್ಲ್ಯೂಜಿ ಟು ಪಿಡಿಎಫ್’ ಆರಿಸಿದಾಗ ಪಕ್ಕದಲ್ಲಿ ಬರುವ ‘ಪಿಡಿಎಫ್ ಆಪ್ಷನ್ಸ್’ನಲ್ಲಿ ಈ ಡಿಪಿಐ ಬದಲಿಸಬಹುದು. ಹಳೆಯ ಆವೃತ್ತಿಗಳಲ್ಲಿ ಅದೇ ಪ್ರಿಂಟರಿನ ಪ್ರಾಪರ್ಟೀಸ್ ಒಳಗೆ, ಕಸ್ಟಮ್ ಪ್ರಾಪರ್ಟೀಸ್‌ನಲ್ಲಿ ಇರುತ್ತದೆ.

ಹಳೆಯ ಆವೃತ್ತಿ ಇದ್ದವರಿಗೆ

2011ಕ್ಕಿಂತ ಹಿಂದಿನ ಆಟೋಕ್ಯಾಡ್‌ನಲ್ಲಿ ಇನ್ನೂ ಕೆಲಸ ಮಾಡುವವರು ‘ಲೈನ್ಸ್ ಮರ್ಜ್’ ಬಳಸಬಹುದು. ಹೊಸ ಆವೃತ್ತಿಯವರಿಗೂ ಇದು ಗೊತ್ತಿರಲಿ. ಪ್ಲಾಟ್ ಡೈಲಾಗ್‌ನಲ್ಲಿ ಪ್ಲಾಟರ್ ಹೆಸರಿನ ಪಕ್ಕ ಪ್ರಾಪರ್ಟೀಸ್ ಒತ್ತಿ. ಅಲ್ಲಿ ಗ್ರಾಫಿಕ್ಸ್ ಒಳಗೆ ‘ಮರ್ಜ್ ಕಂಟ್ರೋಲ್’ ಇರುತ್ತದೆ. ಮಾಮೂಲಿಯಾಗಿ ‘ಲೈನ್ಸ್ ಓವರ್‌ರೈಟ್’, ಅಂದರೆ ಮೇಲಿನದು ಕೆಳಗಿನದನ್ನು ಅಳಿಸುತ್ತದೆ. ‘ಲೈನ್ಸ್ ಮರ್ಜ್’ ಮಾಡಿದರೆ ಎರಡೂ ಬಣ್ಣ ಬೆರೆಯುತ್ತವೆ. ಹಳದಿಯ ಕೆಳಗಿನ ಕಪ್ಪು ಗೆರೆ ಕಪ್ಪಾಗಿಯೇ ಮೇಲೆ ಬರುತ್ತದೆ. ಬದಲಾವಣೆಯನ್ನು ಬೇರೆ ಹೆಸರಿನ ಪಿಸಿ3 ಫೈಲ್ (ಪ್ಲಾಟರಿನ ಸೆಟ್ಟಿಂಗ್ ಇರುವ ಫೈಲ್) ಆಗಿ ಉಳಿಸಿಕೊಳ್ಳಿ, ಮೂಲ ಫೈಲ್ ಮುಟ್ಟಬೇಡಿ.

ಎಲ್ಲ ಪ್ರಿಂಟರ್ ಡ್ರೈವರ್‌ನಲ್ಲೂ ಈ ಆಯ್ಕೆ ಇರುವುದಿಲ್ಲ. ಇನ್ನೊಂದು ಎಚ್ಚರಿಕೆ: ನಕ್ಷೆಯಲ್ಲಿ ಕೆಳಗಿನದನ್ನು ಮುಚ್ಚಿಡುವ ವೈಪ್‌ಔಟ್ ಬಳಸಿದ್ದರೆ ಮರ್ಜ್ ಆನ್ ಆದಾಗ ಅದು ಕೆಲಸ ಬಿಡುತ್ತದೆ. ವೈಪ್‌ಔಟ್ ಮುಚ್ಚಿಟ್ಟಿದ್ದ ಗೆರೆಗಳು ಮತ್ತೆ ಹೊರಬರುತ್ತವೆ.

ಕಪ್ಪು-ಬಿಳುಪಿನಲ್ಲಿ, ಝೆರಾಕ್ಸ್‌ನಲ್ಲಿ

ಮಾನೋಕ್ರೋಮ್ (ಎಲ್ಲವನ್ನೂ ಕಪ್ಪಾಗಿಸುವ) ಸಿಟಿಬಿ ಇಟ್ಟರೆ ನೀಲಿ, ಹಸಿರು ಎಲ್ಲ ಫಿಲ್ ಕಪ್ಪಾಗುತ್ತವೆ. ಟ್ರಾನ್ಸ್‌ಪರೆನ್ಸಿ ಇದ್ದರೆ ಬೂದು. ಆಗ ಎರಡು ಫಿಲ್‌ಗಳನ್ನು ಬೇರೆ ಮಾಡುವುದು ಬಣ್ಣವಲ್ಲ, ಟ್ರಾನ್ಸ್‌ಪರೆನ್ಸಿಯ ಅಂಕಿ. ಒಂದು 80, ಇನ್ನೊಂದು 55, ಹೀಗೆ ಕಣ್ಣಿಗೆ ಕಾಣುವಷ್ಟು ಅಂತರ ಕೊಡಿ. ಟ್ರೂ ಕಲರ್ (ಕೆಂಪು-ಹಸಿರು-ನೀಲಿ ಅಂಕಿಗಳಿಂದ ಆರಿಸಿದ ಬಣ್ಣ) ಕೊಟ್ಟ ಫಿಲ್ ಮಾತ್ರ ಮಾನೋಕ್ರೋಮ್‌ಗೆ ಬಗ್ಗುವುದಿಲ್ಲ, ಬಣ್ಣದಲ್ಲೇ ಬರುತ್ತದೆ. ಅದನ್ನು 1ರಿಂದ 255ರ ಇಂಡೆಕ್ಸ್ ಬಣ್ಣಕ್ಕೆ ಬದಲಿಸಿ.

ಆದರೆ ನಮ್ಮಲ್ಲಿ ನಕ್ಷೆಯ ಬದುಕು ಪ್ಲಾಟರ್‌ನಲ್ಲೇ ಮುಗಿಯುವುದಿಲ್ಲ. ಪಂಚಾಯಿತಿಗೆ ಒಂದು ಪ್ರತಿ, ವಕೀಲರಿಗೆ ಒಂದು, ಅಣ್ಣತಮ್ಮಂದಿರಿಗೆ ಒಂದೊಂದು ಎಂದು ಝೆರಾಕ್ಸ್ ಆಗುತ್ತಾ ಹೋಗುತ್ತದೆ. ತೆಳು ಬೂದು ಬಣ್ಣ ಮೊದಲ ಝೆರಾಕ್ಸ್‌ನಲ್ಲಿ ಮಚ್ಚೆಯಾಗುತ್ತದೆ, ಎರಡನೆಯದರಲ್ಲಿ ಬಿಳಿಯಾಗಿಬಿಡುತ್ತದೆ ಇಲ್ಲವೇ ಕಪ್ಪಾಗಿ ನಂಬರ್ ನುಂಗುತ್ತದೆ. ಹಾಗೆ ಕೈಯಿಂದ ಕೈಗೆ ಹೋಗುವ ನಕ್ಷೆ ಎಂದು ಗೊತ್ತಿದ್ದರೆ ಸಾಲಿಡ್ ಫಿಲ್ ಬೇಡವೇ ಬೇಡ. ‘ಆನ್ಸಿ31’ ಥರದ ಓರೆಗೆರೆ ಹ್ಯಾಚ್ ಅಗಲ ಅಂತರದಲ್ಲಿ ಹಾಕಿ. ಗೆರೆಗಳ ನಡುವೆ ಹೊಲದ ನಂಬರ್ ಯಾವತ್ತೂ ಕಾಣುತ್ತದೆ. ನೋಡಲು ಅಷ್ಟು ಚೆಂದ ಇಲ್ಲ, ನಿಜ. ಆದರೆ ಐದನೇ ಝೆರಾಕ್ಸ್‌ನಲ್ಲೂ ಓದಲು ಬರುತ್ತದೆ.

ಪ್ಲಾಟಿಂಗ್ ಅಂಗಡಿಗೆ ಕಳಿಸುವಾಗ

ದೊಡ್ಡ ಪ್ಲಾಟರ್ ಎಲ್ಲರ ಬಳಿ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಡಿಡಬ್ಲ್ಯೂಜಿ (ಆಟೋಕ್ಯಾಡ್‌ನ ಮೂಲ) ಫೈಲ್ ಒಯ್ದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಸಿಟಿಬಿ ಇರುವುದಿಲ್ಲ, ನಿಮ್ಮ ಕನ್ನಡ ಫಾಂಟ್ ಇರುವುದಿಲ್ಲ, ಇಮೇಜ್ ಫೈಲ್ ಜೊತೆಗೆ ಒಯ್ಯುವುದು ಮರೆತಿರುತ್ತೀರಿ. ಪಿಡಿಎಫ್ ನೀವೇ ಮಾಡಿಕೊಂಡು ಹೋಗಿ. ಮನೆಯಲ್ಲೇ ಒಂದು ಎ4 ತುಂಡನ್ನು, ನಕ್ಷೆಯ ಅತಿ ಇಕ್ಕಟ್ಟಾದ ಭಾಗವನ್ನು, ವಿಂಡೋ ಆರಿಸಿ ಅದೇ ಸ್ಕೇಲ್‌ಗೆ ಪ್ರಿಂಟ್ ತೆಗೆದು ನೋಡಿ. ಫಿಲ್‌ನ ಕೆಳಗಿನ ನಂಬರನ್ನು ಕನ್ನಡಕ ಹಾಕುವ ವಯಸ್ಸಿನವರ ಕೈಗೆ ಕೊಟ್ಟು ಓದಿಸಿ. ಅವರಿಗೆ ಓದಲು ಬಂದರೆ ಟ್ರಾನ್ಸ್‌ಪರೆನ್ಸಿ ಸರಿಯಾಗಿದೆ. ತಡವರಿಸಿದರೆ 10 ಏರಿಸಿ, ಮತ್ತೆ ತೆಗೆಯಿರಿ.

ಅಂಗಡಿಯವರಿಗೆ ‘ಫಿಟ್ ಟು ಪೇಜ್’ ಬೇಡ, ‘ಆ್ಯಕ್ಚುಯಲ್ ಸೈಜ್’ ಇರಲಿ ಎಂದು ಬಾಯಿಬಿಟ್ಟು ಹೇಳಿ. ಹಾಳೆ ಕೈಗೆ ಬಂದ ತಕ್ಷಣ ಅಲ್ಲೇ ಸ್ಕೇಲ್ ಬಾರ್ ಮೇಲೆ ಪಟ್ಟಿ ಇಟ್ಟು ಅಳೆಯಿರಿ. ಅಳತೆ ಕೂಡದಿದ್ದರೆ ದುಡ್ಡು ಕೊಡುವ ಮೊದಲೇ ಇನ್ನೊಂದು ಪ್ರತಿ ತೆಗೆಸಿಕೊಳ್ಳಿ.